ತುಳಿದವರು ಯಾರು? ಒಡೆತನ ಯಾರದು?

ಫ್ರಾನ್ಸ್ ದೇಶದ ಬಂದರು ಪಟ್ಟಣವಾದ ಬೋರ್ಡೋದಿಂದ ರಾಜಧಾನಿ ಪ್ಯಾರಿಸ್ಸಿಗೆ ಸುಮಾರು 560 ಕಿಲೋಮೀಟರ್ ದಾರಿ. ನಡುವೆ ಎಲ್ಲಿಯೂ ತಂಗದೆ ಈ ದಾರಿಯನ್ನು ಸೈಕಲ್ ತುಳಿದು ಮುಗಿಸಬೇಕೆಂಬ ಪಂದ್ಯವೊಂದು 1891ರಲ್ಲಿ ಹುಟ್ಟಿತು, 1988ರಲ್ಲಿ ನಿಂತುಹೋಯಿತು. ಎರಡು ಮಹಾಯುದ್ಧಗಳ ಕಾಲವನ್ನೂ ಮತ್ತೆ ಕೆಲವು ವರ್ಷಗಳನ್ನೂ ಬಿಟ್ಟರೆ, ಹತ್ತಿರ ಹತ್ತಿರ ಒಂದು ಶತಮಾನ ಈ ಪಂದ್ಯ ನಡೆಯಿತು. ದೂರದ ದೇಶದ ಈ ಸಂಗತಿಯನ್ನು ಓದುಗರ ಮುಂದಿಡುವುದಕ್ಕೆ ಕಾರಣವುಂಟು. ರಾತ್ರಿ ಪಾಳಿ ಮುಗಿಸಿ ಎದುರುಗಾಳಿಯಲ್ಲಿ ಸೈಕಲ್ ತುಳಿದವನಿಗೂ, ಹಿಂದಿನ ಕ್ಯಾರಿಯರಿನ ಮೇಲೆ ಮೂಟೆ ಹೇರಿಕೊಂಡು ಸಂತೆಗೆ ಹೋದವನಿಗೂ ಒಂದೊಂದು ಮೈಲಿಯ ಬೆಲೆ ಗೊತ್ತು. ಆ ಬೆಲೆಯನ್ನು ಕಟ್ಟಿದವರು ಯಾರು, ಪಡೆದವರು ಯಾರು ಎಂಬ ಲೆಕ್ಕ ಈ ಪಂದ್ಯದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಸಿಗುತ್ತದೆ.

1891ರ ಮೇ 23ರ ಬೆಳಗಿನ ಜಾವ ಮೊದಲ ಪಂದ್ಯ ಹೊರಟಿತು. ಅದನ್ನು ನಡೆಸಿದ್ದು ಬೋರ್ಡೋದ ಒಂದು ಸೈಕಲ್ ಪತ್ರಿಕೆ. ಗೆದ್ದವನು ಇಂಗ್ಲೆಂಡಿನ ಜಾರ್ಜ್ ಪಿಲ್ಕಿಂಗ್ಟನ್ ಮಿಲ್ಸ್. ಆತ ಹಗಲೂ ರಾತ್ರಿಯೂ ತುಳಿದು, 26 ಗಂಟೆ 34 ನಿಮಿಷಗಳಲ್ಲಿ ಪ್ಯಾರಿಸ್ ಮುಟ್ಟಿದ. ಮೊದಲ ನಾಲ್ಕು ಸ್ಥಾನಗಳೂ ಇಂಗ್ಲೆಂಡಿನವರ ಪಾಲಾದವು. ಜನ ಬೆರಗಾದರು. ಜನರ ಬೆರಗನ್ನು ಮಾರಬಹುದೆಂಬುದು ಪತ್ರಿಕೆಯವರಿಗೂ ಸೈಕಲ್ ತಯಾರಕರಿಗೂ ಕೂಡಲೇ ಹೊಳೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಪೆತಿ ಜೂರ್ನಾಲ್’ ಪತ್ರಿಕೆಯ ಪಿಯೆರ್ ಜಿಫಾರ್ ಎಂಬಾತ ಇನ್ನೂ ಉದ್ದದ, 1200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯವನ್ನು ಏರ್ಪಡಿಸಿದ. ಅಂದಿನಿಂದ ರಸ್ತೆಯ ಸೈಕಲ್ ಪಂದ್ಯವೆಂದರೆ ಪತ್ರಿಕೆಯ ಸರಕಾಯಿತು.

ಈ ಸರಕಿಗಾಗಿ ನಡೆದ ಜಗಳವೂ ಸಣ್ಣದಲ್ಲ. ಡ್ರೈಫಸ್ ಎಂಬ ಯೆಹೂದಿ ಸೇನಾಧಿಕಾರಿಯ ಮೇಲೆ ಸುಳ್ಳು ದೇಶದ್ರೋಹದ ಆಪಾದನೆ ಹೊರಿಸಿದಾಗ ಫ್ರಾನ್ಸ್ ಎರಡು ಪಕ್ಷವಾಗಿ ಒಡೆಯಿತು. ‘ವೆಲೋ’ ಎಂಬ ಕ್ರೀಡಾ ಪತ್ರಿಕೆಯ ಸಂಪಾದಕನಾಗಿದ್ದ ಜಿಫಾರ್ ಡ್ರೈಫಸ್ ಪರ ನಿಂತ. ಆ ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದ ದ ದಿಯೋನ್ ಎಂಬ ಮೋಟಾರು ತಯಾರಕನಿಗೆ ಇದು ಸಹಿಸಲಿಲ್ಲ. ಆತನೂ ಬೇರೆ ಕೆಲವು ಉದ್ಯಮಪತಿಗಳೂ ಕೂಡಿ 1900ರಲ್ಲಿ ‘ಆಟೋ’ ಎಂಬ ಎದುರು ಪತ್ರಿಕೆಯನ್ನು ತೆಗೆದರು. ಮೇಲಾಟ ಎಲ್ಲಿಗೆ ಬಂತೆಂದರೆ, 1902ರಲ್ಲಿ ಒಂದೇ ಬೋರ್ಡೋ–ಪ್ಯಾರಿಸ್ ಪಂದ್ಯ ಎರಡು ಸಲ ನಡೆಯಿತು. ಅವುಗಳಲ್ಲಿ ಒಂದನ್ನು ಗೆದ್ದವನು ಮೋರಿಸ್ ಗಾರಿನ್. ಮರುವರ್ಷ ‘ಆಟೋ’ ಹುಟ್ಟುಹಾಕಿದ ಮೊದಲ ಟೂರ್ ದ ಫ್ರಾನ್ಸ್ ಪಂದ್ಯವನ್ನೂ ಅವನೇ ಗೆದ್ದ. 1904ರಲ್ಲಿ ‘ವೆಲೋ’ ಮುಚ್ಚಿತು. ಧಣಿಗಳ ವ್ಯಾಜ್ಯವನ್ನು ತೀರಿಸಿದ್ದು ಸವಾರರ ಕಾಲುಗಳು.

ಆ ಕಾಲುಗಳು ಯಾರವು? ಗಾರಿನ್ ಇಟಲಿಯ ಬೆಟ್ಟಸೀಮೆಯಿಂದ ಬಂದು, ಮನೆಗಳ ಹೊಗೆಗೂಡು ಗುಡಿಸುತ್ತಿದ್ದ ಹುಡುಗ. 1963ರಲ್ಲಿ ಬೋರ್ಡೋ–ಪ್ಯಾರಿಸ್ ಗೆದ್ದ ಟಾಮ್ ಸಿಂಪ್ಸನ್ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯ ಕೆಲಸಗಾರನ ಮಗ. 1965ರಲ್ಲಿ ಎರಡನೆಯವನಾಗಿ ಬಂದ ಸ್ಟಾಬ್ಲಿನ್‌ಸ್ಕಿ ಪೋಲೆಂಡಿನಿಂದ ವಲಸೆ ಬಂದ ಬಡ ಮನೆತನದವನು. ಸ್ವತಃ ಗಣಿಯೊಳಗೆ ದುಡಿದವನು. ಆ ವರ್ಷ ಗೆದ್ದ ಜಾಕ್ ಆಂಕ್ತಿಲ್ ಹುಡುಗನಾಗಿದ್ದಾಗ ಲೇತ್ ಯಂತ್ರದ ಕೆಲಸ ಕಲಿತವನು. ಗಣಿಯಿಂದಲೋ ಕಾರ್ಖಾನೆಯಿಂದಲೋ ಹೊರಬರುವ ದಾರಿಯೆಂದು ಇಂಥವರು ಸೈಕಲ್ ಹತ್ತಿದರು.

ಈ ಪಂದ್ಯದ ರೀತಿಯೇ ಬೇರೆ. ಮೊದಮೊದಲು ಸವಾರನ ಮುಂದೆ ಗಾಳಿ ತಡೆಯಲು ಬೇರೆ ಸೈಕಲ್ ಸವಾರರು ಸಾಗುತ್ತಿದ್ದರು. ಆಮೇಲೆ ಮೋಟಾರು ವಾಹನಗಳು ಬಂದವು. 1938ರಿಂದ ಡೆರ್ನಿ ಎಂಬ, ಪೆಡಲೂ ಸಣ್ಣ ಎಂಜಿನ್ನೂ ಎರಡೂ ಇರುವ ಗಾಡಿ ಬಳಕೆಗೆ ಬಂತು. ರಾತ್ರಿಯ ದಾರಿಯನ್ನು ತಾವೇ ತುಳಿದು ಬಂದ ಸವಾರರು, ಅರ್ಧ ದಾರಿಯ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಡೆರ್ನಿಯ ಬೆನ್ನು ಹಿಡಿಯುತ್ತಿದ್ದರು. ಮುಂದಿನವನ ಮೈ ದಪ್ಪಗಿದ್ದಷ್ಟೂ ಹಿಂದಿನವನಿಗೆ ಗಾಳಿ ಕಡಿಮೆ. ಆದರೆ ಎಂಜಿನ್ನಿಗೆ ಆಯಾಸವಿಲ್ಲ. ಅದರ ವೇಗಕ್ಕೆ ಮನುಷ್ಯನ ಕಾಲು ಹೊಂದಿಕೊಳ್ಳಬೇಕು. ಯಂತ್ರದ ಓಟಕ್ಕೆ ಕೈ ಹೊಂದಿಸಿ ದುಡಿಯುವ ಗಿರಣಿಯ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1965ರ ಮೇ ತಿಂಗಳ ಒಂದು ಸಂಗತಿಯನ್ನು ಇಂದಿಗೂ ಜನ ಹೇಳುತ್ತಾರೆ. ಆಂಕ್ತಿಲ್ ಹಲವು ದಿನಗಳ ದೋಫಿನೆ ಪಂದ್ಯವನ್ನು ಸಂಜೆ ಆವಿನ್ಯೋನ್ ಪಟ್ಟಣದಲ್ಲಿ ಗೆದ್ದು ಮುಗಿಸಿದ. ಅಲ್ಲಿಂದ ವಿಮಾನದಲ್ಲಿ ಬೋರ್ಡೋಗೆ ಹೋಗಿ, ಅದೇ ರಾತ್ರಿ ಮತ್ತೆ ಸೈಕಲ್ ಹತ್ತಿದ. ಈ ಯೋಜನೆ ತಂಡದ ನಿರ್ದೇಶಕನಾದ ಜೆಮಿನಿಯಾನಿಯದು. ರಾತ್ರಿಯ ಚಳಿಯಲ್ಲಿ ಆಂಕ್ತಿಲ್ ಬಿಟ್ಟುಬಿಡುವ ಮಾತಾಡಿದ. ಜೆಮಿನಿಯಾನಿ ಕೆಣಕಿ ಮುಂದಕ್ಕಟ್ಟಿದ. ಮರುದಿನ ಆಂಕ್ತಿಲ್ ಪ್ಯಾರಿಸ್ಸಿನಲ್ಲಿ 57 ಸೆಕೆಂಡು ಮುಂದಾಗಿ ಗೆದ್ದ. ಆತನ ಸಾಮರ್ಥ್ಯಕ್ಕೆ ನಾವೂ ತಲೆಬಾಗುತ್ತೇವೆ. ಆದರೆ ಅಂಗಿಯ ಮೇಲಿದ್ದ ಮೋಟಾರು ಕಂಪನಿಯ ಹೆಸರು ಮರುದಿನ ಎಷ್ಟು ಪತ್ರಿಕೆಗಳಲ್ಲಿ ಅಚ್ಚಾಗಿರಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಂಥ ದುಡಿಮೆಯ ಇನ್ನೊಂದು ಮುಖವನ್ನು ಸವಾರರೇ ತೋರಿಸಿದ್ದಾರೆ. 1919ರಲ್ಲಿ ಆನ್ರಿ ಪೆಲಿಸಿಯೆ, 1922 ಮತ್ತು 1924ರಲ್ಲಿ ಅವನ ತಮ್ಮ ಫ್ರಾನ್ಸಿಸ್ ಬೋರ್ಡೋ–ಪ್ಯಾರಿಸ್ ಗೆದ್ದರು. 1924ರ ಟೂರ್ ಪಂದ್ಯದಲ್ಲಿ, ಮೈಮೇಲೆ ಎಷ್ಟು ಅಂಗಿ ಇರಬೇಕೆಂಬ ಕಟ್ಟಳೆಯ ಮೇಲೆ ಅಧಿಕಾರಿಗಳೊಡನೆ ಜಗಳವಾಗಿ ಈ ಅಣ್ಣ ತಮ್ಮಂದಿರು ಪಂದ್ಯವನ್ನೇ ಬಿಟ್ಟರು. ಆಲ್ಬರ್ಟ್ ಲೋಂದ್ರ್ ಎಂಬ ಪತ್ರಕರ್ತನ ಮುಂದೆ ಚೀಲ ಬಿಚ್ಚಿ, ತಾವು ಬದುಕಿ ಮುಂದೆ ಸಾಗಲು ಬಳಸುವ ಕೊಕೇನು, ಕ್ಲೋರೋಫಾರಂ, ಗುಳಿಗೆಗಳನ್ನು ತೋರಿಸಿದರು. ಗೆದ್ದವರೇ ಹೀಗೆಂದ ಮೇಲೆ ಸೋತವರ ಪಾಡೇನು? ಅದಾಗಿ 43 ವರ್ಷಗಳ ಮೇಲೆ, 1967ರ ಜುಲೈ 13ರಂದು, ಮೇಲೆ ಹೇಳಿದ ಟಾಮ್ ಸಿಂಪ್ಸನ್ ಟೂರ್ ಪಂದ್ಯದ ವೆಂತೂ ಬೆಟ್ಟದ ಉರಿಬಿಸಿಲಿನಲ್ಲಿ ಕುಸಿದು ಸತ್ತ. ಅವನ ದೇಹದಲ್ಲಿ ಉತ್ತೇಜಕ ಮದ್ದು ಸಿಕ್ಕಿತು. ಆಗ ಅವನಿಗೆ 29 ವರ್ಷ. ತಪ್ಪನ್ನೆಲ್ಲ ಸತ್ತವನ ಮೇಲೆ ಹೊರಿಸುವುದು ಸುಲಭ. ಮನುಷ್ಯನ ಮೈ ತಡೆಯದಷ್ಟು ಕೆಲಸವನ್ನು ಗೊತ್ತುಮಾಡಿದವರನ್ನು ಯಾರೂ ಕಟಕಟೆಗೆ ಹತ್ತಿಸಲಿಲ್ಲ.

ಇನ್ನು ಪಂದ್ಯದ ಕೊನೆ. ಬೆಲ್ಜಿಯಮ್ಮಿನ ಹರ್ಮನ್ ವಾನ್ ಸ್ಪ್ರಿಂಗೆಲ್ 1970ರಿಂದ 1981ರ ಒಳಗೆ ಇದನ್ನು ಏಳು ಸಲ ಗೆದ್ದ. ಅಷ್ಟು ಸಲ ಗೆದ್ದವರು ಬೇರಾರೂ ಇಲ್ಲ. ಅವನ ಕಾಲಕ್ಕಾಗಲೇ ಪಂದ್ಯ ಸೊರಗುತ್ತಿತ್ತು. ಡೆರ್ನಿಯ ಹಿಂದೆ ತುಳಿಯುವುದಕ್ಕೆ ಬೇರೆಯೇ ಅಭ್ಯಾಸ ಬೇಕು, ಅದಕ್ಕೆ ವಾರಗಟ್ಟಲೆ ಕಾಲ ಬೇಕು. ಟೂರ್ ಪಂದ್ಯವೇ ಸರ್ವಸ್ವವೆಂದು ನಂಬಿದ ಕಂಪನಿಗಳು ತಮ್ಮ ಸವಾರರನ್ನು ಇದಕ್ಕೆ ಕಳುಹಿಸಲೊಪ್ಪಲಿಲ್ಲ. 1986ರಲ್ಲಿ ಡೆರ್ನಿಯನ್ನು ಕೈಬಿಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. 1988ರಲ್ಲಿ ಫ್ರಾನ್ಸಿನ ಜಾನ್ ಫ್ರಾಂಸ್ವಾ ರೋ ಗೆದ್ದದ್ದೇ ಕೊನೆ. ಸವಾರರ ಕಾಲಿನಲ್ಲಿ ಕಸುವು ತೀರಿರಲಿಲ್ಲ. ಲಾಭ ತೀರಿತ್ತು, ಅಂಗಡಿ ಎತ್ತಿದರು.

ಹಳೆಯ ವೈಭವ ಹೋಯಿತೆಂದು ಮರುಗುವವರಿದ್ದಾರೆ. ಅವರ ಮರುಕವನ್ನು ನಾವು ಹಳಿಯುವುದಿಲ್ಲ. ಟಿಕೆಟ್ಟಿಲ್ಲದೆ ರಸ್ತೆ ಬದಿಯಲ್ಲಿ ನಿಂತು ಬಡವನೂ ನೋಡಬಹುದಾದ ಪಂದ್ಯ ಅದು. ಇನ್ನು ಕೆಲವರು, ಅಷ್ಟು ಕ್ರೂರವಾದದ್ದು ನಿಂತದ್ದೇ ಒಳ್ಳೆಯದಾಯಿತು ಎನ್ನುತ್ತಾರೆ. ಈ ಮಾತಿನಲ್ಲಿಯೂ ಹುರುಳಿದೆ. ಆದರೆ ಇಬ್ಬರೂ ಕೇಳದ ಪ್ರಶ್ನೆಯೊಂದುಂಟು. ಪಂದ್ಯ ಹುಟ್ಟುವಾಗ ಸವಾರರನ್ನು ಯಾರೂ ಕೇಳಲಿಲ್ಲ. ಎಷ್ಟು ದೂರ, ಯಾವ ಹೊತ್ತು, ಎಷ್ಟು ವಿಶ್ರಾಂತಿ ಎಂಬುದನ್ನು ಕಟ್ಟುವಾಗಲೂ ಕೇಳಲಿಲ್ಲ. ಕದ ಮುಚ್ಚುವಾಗಲೂ ಕೇಳಲಿಲ್ಲ. ಇದು ನ್ಯಾಯವೇ?

ಬೇರೆ ದಾರಿಯೇ ಇರಲಿಲ್ಲವೆಂದು ಹೇಳುವಂತಿಲ್ಲ. 1891ರಲ್ಲಿಯೇ ಹುಟ್ಟಿದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಕೂಡ ಹಣದ ಪಂದ್ಯವಾಗಿ 1951ರಲ್ಲಿ ಕೊನೆಗೊಂಡಿತು. ಆದರೆ 1931ರಿಂದಲೇ ಪ್ಯಾರಿಸ್ಸಿನ ಒಂದು ಸವಾರರ ಸಂಘ ಅದೇ ದಾರಿಯಲ್ಲಿ ಸಾಮಾನ್ಯರ ಸವಾರಿಯನ್ನು ನಡೆಸಿಕೊಂಡು ಬಂದಿತು. ಅದು ಈಗಲೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ಬಹುಮಾನದ ಹಣವಿಲ್ಲ. ಹೆಚ್ಚೆಂದರೆ 90 ಗಂಟೆಯೊಳಗೆ 1200 ಕಿಲೋಮೀಟರ್ ಮುಗಿಸಬೇಕು, ನಿದ್ದೆ ಬಂದವನು ಮಲಗಬಹುದು. 2019ರಲ್ಲಿ ಹಲವು ಸಾವಿರ ಜನ ಹೊರಟರು. ಭಾರತದಿಂದ ಹೋದವರಲ್ಲಿ ಕರ್ನಾಟಕದವರೂ ಇದ್ದರು. ಧಣಿಗಳ ಪಂದ್ಯ ಹೋಯಿತು, ಸವಾರರ ಸಂಘದ ಸವಾರಿ ಉಳಿಯಿತು.

ನಮ್ಮ ಊರುಗಳಲ್ಲಿಯೂ ಹಬ್ಬಕ್ಕೋ ಜಯಂತಿಗೋ ಸೈಕಲ್ ಪಂದ್ಯಗಳು ನಡೆಯುತ್ತವೆ. ನಡೆಯಲಿ, ಇನ್ನೂ ಹೆಚ್ಚಲಿ. ವರ್ತಕರು ಬಹುಮಾನ ಕೊಡಲಿ, ಫಲಕದ ಮೇಲೆ ತಮ್ಮ ಹೆಸರನ್ನೂ ಬರೆಸಲಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪಂದ್ಯದ ಸಮಿತಿಯಲ್ಲಿ ತುಳಿಯುವವರ ಪ್ರತಿನಿಧಿಗಳು ಕೂತಿರಬೇಕು. ದೂರ, ಹೊತ್ತು, ನೀರು, ವೈದ್ಯರು, ಬಿದ್ದವನ ಚಿಕಿತ್ಸೆಯ ಖರ್ಚು, ಇವೆಲ್ಲ ಅವರ ಒಪ್ಪಿಗೆಯಿಂದ ತೀರ್ಮಾನವಾಗಬೇಕು. ಬೆವರು ಸುರಿಸುವವನಿಗೆ ಆ ಬೆವರಿನ ಲೆಕ್ಕ ಕೇಳುವ ಹಕ್ಕುಂಟು. ಗಿರಣಿಯಲ್ಲಿ ನಾವು ಕೇಳುವ ನ್ಯಾಯ ಇದು. ಆಟದ ಬಯಲಿಗೆ ಬಂದಾಗ ಇದನ್ನು ಮರೆಯಬಾರದು.