ಮೊದಲು ಕೈಗೆ ತಾಳ, ಆಮೇಲೆ ಬಾಯಿಗೆ ಹಾಡು

ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯ ತನಕ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಬದಲಾದರೂ ಅನೇಕ ಮನೆಗಳ ಮಾತು ಬದಲಾಗಲಿಲ್ಲ. ಆದರೆ ನಮ್ಮ ರಾಯಿಕೋಡ್ ಕಡೆಯ ಮಕ್ಕಳು ಇಂದು ಶಾಲೆಯಲ್ಲಿ ಓದುವುದು ತೆಲುಗು, ಇಂಗ್ಲಿಷ್. ಅಂಥ ಮಕ್ಕಳಿಗೆ ಕನ್ನಡ ಪದ್ಯದ ರುಚಿ ಹತ್ತಿಸಲು ತಾಳವೇ ಸುಲಭದ ದಾರಿಯೆಂದು ನಾವು ತಿಳಿಯುತ್ತೇವೆ.

ತಾಯಂದಿರೇ, ಇದಕ್ಕೆ ತಬಲಾ ಕೊಳ್ಳಬೇಕಾಗಿಲ್ಲ. ಮಗುವನ್ನು ಎದುರಿಗೆ ಕೂಡ್ರಿಸಿಕೊಂಡು ಮೊದಲು ಬರೀ ಚಪ್ಪಾಳೆ ಹಾಕಿಸಿರಿ. ನಡೆಯುವಾಗ ಹೆಜ್ಜೆ ಎಣಿಸಿರಿ. ಅದು ಸಮನಾದ ಮೇಲೆ ‘ತಕಿಟ’ ಎಂದು ಮೂರು, ‘ತಕಧಿಮಿ’ ಎಂದು ನಾಲ್ಕು ಹೇಳಿಕೊಡಿರಿ. ಮೊದಲಕ್ಷರಕ್ಕೆ ಮಾತ್ರ ಚಪ್ಪಾಳೆ. ಮಕ್ಕಳು ಅವಸರದಿಂದ ಓಡುತ್ತಾರೆ. ಗದರಿಸದೆ ನೀವೇ ನಿಧಾನವಾಗಿ ತೊಡೆ ತಟ್ಟುತ್ತಿರಿ. ತಕ್ಕಡಿ ಹಿಡಿಯುವ ನಾವು ಬಲ್ಲೆವು, ನಡುವೆ ಕಲ್ಲು ಬದಲಾದರೆ ತೂಕ ಕೆಡುತ್ತದೆ. ಮಾತ್ರೆಯೂ ಹಾಗೆಯೇ.

ಮುಂದೆ ಹೆಸರುಗಳ ಆಟ ಆಡಿಸಿರಿ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ‘ಕಮಲ’ ಎಂದರೆ ಮೂರು, ‘ಕಮಲಾ’ ಎಂದರೆ ನಾಲ್ಕು. ಹ್ರಸ್ವ-ದೀರ್ಘದ ಭೇದವು ಪಾಟಿ ಹಿಡಿಯುವ ಮೊದಲೇ ಕಿವಿಗೆ ತಿಳಿಯುತ್ತದೆ.

ಕೊನೆಗೆ ಮೂರು, ನಾಲ್ಕನ್ನು ಜೋಡಿಸಿ ‘ತಕಿಟ ತಕಧಿಮಿ’ ಎನ್ನಿಸಿರಿ. ಈ ಏಳರ ನಡೆಯೇ ಭಾಮಿನಿ ಷಟ್ಪದಿಯ ನಡೆ; ಕುಮಾರವ್ಯಾಸನು ಭಾರತ ಬರೆದದ್ದು ಅದರಲ್ಲಿಯೇ. ನಾಳೆ ಆ ಪದ್ಯ ಕೇಳಿದಾಗ ಅರ್ಥ ತಡವಾಗಿ ಆದೀತು, ಆದರೆ ಮಗುವಿಗೆ ಅದು ಪರಕೀಯ ಎನಿಸದು.

ಅಂಗಡಿ ಮುಚ್ಚಿ ಬಂದ ಹಿರಿಯರೂ ದಿನಕ್ಕೆ ಹತ್ತು ನಿಮಿಷ ಮಕ್ಕಳ ಜೊತೆ ಕೂಡ್ರಲಿ. ಖರ್ಚಿಲ್ಲದ ಈ ಗಳಿಕೆಯನ್ನು ಬಿಡುವುದೇಕೆ?