ಕೂಗದ ವ್ಯಾಧಿ

ಹರಿಹರದ ಪ್ರೌಢಶಾಲೆಯಲ್ಲಿ ನಮ್ಮೊಡನೆ ಓದಿ, ಮುಂದೆ ದಾವಣಗೆರೆಯಲ್ಲಿ ಉದ್ಯೋಗ ಹಿಡಿದು, ಕಡೆಗೆ ಖಿನ್ನತೆಯೆಂಬ ವ್ಯಾಧಿಗೆ ಜೀವವನ್ನೇ ತೆತ್ತ ಗೆಳೆಯನೊಬ್ಬನ ವಿಷಯವಾಗಿ, ಹಳೆಯ ಸಹಪಾಠಿಗಳು ಕೂಡಿದಾಗಲೆಲ್ಲ ಏಳುವ ಪ್ರಶ್ನೆ ಒಂದೇ: ‘ಏನ್ ಕಡಿಮಿ ಆಗಿತ್ತು ಅವಂಗೆ?’ ಸಾಲವೆ, ಪ್ರೇಮಭಂಗವೆ, ಗೃಹಕಲಹವೆ ಎಂದು ಒಂದೊಂದನ್ನೇ ಎತ್ತಿ ನೋಡಿ, ಯಾವುದೂ ಹೊಂದದೆ ಹೋದಾಗ ಹಣೆಬರಹವೆಂದು ಮಾತು ಮುಗಿಸುವುದು ರೂಢಿ. ಮಧುಮೇಹದಿಂದ ತೀರಿಕೊಂಡವನನ್ನು ಕುರಿತು ಯಾರೂ ಹೀಗೆ ವಿಚಾರಣೆ ನಡೆಸರು. ಕಾರಣವನ್ನು ಹುಡುಕುವ ಈ ಆತುರವು ಅನುಕಂಪದ ವೇಷ ತೊಟ್ಟಿದ್ದರೂ, ಅದರ ಒಳಗಿರುವುದು ವ್ಯಾಧಿಯನ್ನು ವ್ಯಾಧಿಯೆಂದು ಒಪ್ಪಲಾರದ ಮೊಂಡುತನವೆಂದೇ ನನ್ನ ಎಣಿಕೆ.

ಅವನಾದರೋ ತರಗತಿಯನ್ನೆಲ್ಲ ನಗಿಸುತ್ತಿದ್ದವನು. ಚಿಂದೋಡಿ ಲೀಲಾ ಅವರ ಕಂಪನಿಯ ನಾಟಕ ನೋಡಿ ಬಂದನೆಂದರೆ, ಹಾಸ್ಯಪಾತ್ರಗಳ ನಡಿಗೆ, ಕೆಮ್ಮು, ಹುಸಿಮುನಿಸುಗಳನ್ನೆಲ್ಲ ವಾರಗಟ್ಟಲೆ ಅಭಿನಯಿಸಿ ತೋರಿಸುವನು. ರೇಖಾಗಣಿತದ ಪ್ರಮೇಯವನ್ನು ಸಹ ಅದೇ ಧಾಟಿಯಲ್ಲಿ ಒಪ್ಪಿಸಿ ಮೇಷ್ಟರನ್ನೇ ನಗಿಸಿದ್ದುಂಟು. ಇಂಥವನು ಬದುಕಿನ ಕೊನೆಯ ವರ್ಷದಲ್ಲಿ ನಿದ್ರೆಗೆಟ್ಟು, ಹಸಿವುಗೆಟ್ಟು, ‘ಯಾಕೋ ಬ್ಯಾಸರ’ ಎಂದಷ್ಟೇ ಹೇಳುತ್ತಿದ್ದಾಗ ಹಿತೈಷಿಗಳು ಕೊಟ್ಟ ಉತ್ತರ, ‘ಮನಸ್ಸು ಗಟ್ಟಿ ಮಾಡ್ಕೋ’. ಮುರಿದ ಕಾಲಿನವನಿಗೆ ಎದ್ದು ಓಡೆಂದು ಉಪದೇಶಿಸಿದಂತೆ!

ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಉಕ್ಕಡಗಾತ್ರಿಗೆ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ, ಗಾಳಿ ಸೋಕಿತೆಂದು ಬಗೆದು ಅಸ್ವಸ್ಥರನ್ನು ಕರೆತರುವ ಕುಟುಂಬಗಳು ಅಸಂಖ್ಯ. ಅವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ; ಆಪ್ತರ ಸಂಕಟವನ್ನು ಕಂಡು ಎಲ್ಲಿಗಾದರೂ ಹೊತ್ತೊಯ್ಯುವ ಆ ಪ್ರೀತಿ ಸಾಮಾನ್ಯವಾದುದಲ್ಲ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಪಕ್ಕದಲ್ಲಿಯೇ ಮನೋವೈದ್ಯರನ್ನೂ ಕೂರಿಸಿದ ಪ್ರಯೋಗವು ಇಲ್ಲಿಯೂ ಅನುಕರಣೀಯ. ಆದರೆ ಕೂಗಾಡುವವನನ್ನು ಗದ್ದುಗೆಗಾದರೂ ಒಯ್ದಾರು. ಕೆಲಸಕ್ಕೆ ಹೋಗಿಬಂದು, ಕೇಳಿದ್ದಕ್ಕೆ ಉತ್ತರ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗುವವನನ್ನು ಗುಡಿಗೂ ಒಯ್ಯರು, ಆಸ್ಪತ್ರೆಗೂ ಒಯ್ಯರು.

ವಿಪರ್ಯಾಸವೇನೆಂದರೆ, ಹಳ್ಳಿಯ ಬಾಗಿಲಿಗೇ ಮನೋವೈದ್ಯವನ್ನು ತರಬಹುದೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟುದು ನಮ್ಮ ನೆರೆಯ ನೆಲವೇ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಆರಂಭಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇಷ್ಟಾದರೂ, ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆಯುಳ್ಳವರ ಪೈಕಿ ಶೇ 85ರಷ್ಟು ಮಂದಿ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ಔಷಧದ ಗುಣ ಕಾಣಲು ಎರಡು ನಾಲ್ಕು ವಾರಗಳೇ ಹಿಡಿಯುವುದರಿಂದ, ಒಮ್ಮೆ ವೈದ್ಯರ ಬಳಿಗೆ ಹೋದವರೂ ‘ಏನೂ ಆಗಲಿಲ್ಲ’ವೆಂದು ನಡುವೆಯೇ ಕೈಬಿಡುವರು. ಮನೆಯವರ ಸಹಾಯ ಬೇಕಾಗುವುದು ಮುಖ್ಯವಾಗಿ ಆ ವಾರಗಳಲ್ಲಿ.

ಕಾನೂನು ತಕ್ಕಮಟ್ಟಿಗೆ ಮೃದುವಾಗಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು, ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವನೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆಯನ್ನು ವಿಧಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳುಳ್ಳ ಪ್ರತಿ ವಿದ್ಯಾಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರತಕ್ಕದ್ದೆಂದು ನಿರ್ದೇಶಿಸಿತು. ವಿದ್ಯಾಕೇಂದ್ರವೆಂಬ ಹೆಮ್ಮೆಯುಳ್ಳ ದಾವಣಗೆರೆಗೆ ಈ ಆದೇಶ ಅನ್ವಯಿಸುವಷ್ಟು ಬೇರೆ ಊರುಗಳಿಗೆ ಅನ್ವಯಿಸೀತೆ? ಮಕ್ಕಳನ್ನು ಸೇರಿಸುವಾಗ ಫಲಿತಾಂಶದ ಶೇಕಡಾವಾರನ್ನು ಕೇಳುವ ತಂದೆತಾಯಿಗಳು ಆ ಸಮಾಲೋಚಕರ ಹೆಸರನ್ನೂ ಕೇಳಬೇಕು. ಹೆಸರಿಲ್ಲವೆಂದರೆ ಏಕಿಲ್ಲವೆಂದು ಬರೆದು ಕೊಡುವಂತೆ ಆಡಳಿತ ಮಂಡಳಿಯನ್ನು ಒತ್ತಾಯಿಸಬೇಕು. ತಮಗಾಗಲಿ, ಬಲ್ಲವರಿಗಾಗಲಿ ಇಂಥ ಬೇಸರವು ವಾರಗಳು ಕಳೆದರೂ ಬಿಡದಿದ್ದರೆ, ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.