ನೇಪಾಳಕ್ಕೆ ಬಾಂಡ್ಲಿ ಹೊರಲು ಹೊರಟ ಹುಡುಗ

ಮಂಡಿಪೇಟೆಯ ಕಿರಾಣಿ ಅಂಗಡಿಯೊಂದರ ಮುಂದೆ ಹೋದ ವಾರ ಸಣ್ಣದೊಂದು ಪಂಚಾಯ್ತಿಯೇ ನಡೆದುಹೋಯಿತು. ಸಾಹುಕಾರರ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಕಂಪನಿಯವರು ಹತ್ತು ದಿನ ಸಂಬಳದ ರಜೆ ಕೊಟ್ಟು, ವಿಮಾನದ ಖರ್ಚೂ ಹಾಕಿ, ನೇಪಾಳದ ಝಾಪಾ ಜಿಲ್ಲೆಯಲ್ಲಿ ಬಡವರ ಮನೆ ಕಟ್ಟಲು ಒಂದು ತಂಡ ಕಳಿಸುತ್ತಾರಂತೆ. ಅದರಲ್ಲಿ ಇವನೂ ಒಬ್ಬ. "ಎಂಜಿನಿಯರಿಂಗ್ ಓದಿಸಿದ್ದು ಬಾಂಡ್ಲಿ ಹೊರೋಕೇನ್ರೀ?" ಅಂತ ಅಪ್ಪನ ಸಂಕಟ. ಅಮ್ಮ ಆಗಲೇ ಎರಡು ಉಣ್ಣೆ ಸ್ವೆಟರ್ ತಂದಿಟ್ಟಿದ್ದಾರೆ. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ನಡುವೆ ಬಾಯಿ ಹಾಕಿದರು: "ಅಲ್ಲಾ ಸ್ವಾಮಿ, ವಿಮಾನಕ್ಕೆ ಸುರಿಯೋ ದುಡ್ಡಲ್ಲಿ ಅಲ್ಲೇ ನಾಲ್ಕು ಗೋಡೆ ಎದ್ದಿರೋದಲ್ಲ!"

ಅಮ್ಮನ ಸ್ವೆಟರ್ ವಿಚಾರ ಮೊದಲು ಮುಗಿಸಿಬಿಡೋಣ. ನೇಪಾಳ ಅಂದ ಕೂಡಲೇ ನಮಗೆಲ್ಲ ಹಿಮಾಲಯ ಕಣ್ಣಿಗೆ ಬರುತ್ತದೆ. ಝಾಪಾ ಹಾಗಲ್ಲ. ಅದು ಪಶ್ಚಿಮ ಬಂಗಾಳಕ್ಕೆ ಅಂಟಿಕೊಂಡ ಬಯಲು ಸೀಮೆ, ಭತ್ತದ ಗದ್ದೆ, ಚಹಾ ತೋಟಗಳ ನಾಡು. ಬಾಗ್ಡೋಗ್ರಾದಲ್ಲಿ ಇಳಿದು, ಪಾಣಿಟಂಕಿಯಲ್ಲಿ ಮೇಚಿ ನದಿಯ ಸೇತುವೆ ದಾಟಿದರೆ ಆ ಕಡೆ ಕಾಕರಭಿಟ್ಟಾ, ಅಲ್ಲಿಂದ ನೇಪಾಳ ಶುರು. ಹುಡುಗ ಹೋಗೋದು ಮಾರ್ಚ್ ಕೊನೆಗೆ. ಸ್ವೆಟರ್ ಬೇಡ ತಾಯಿ, ಸೊಳ್ಳೆ ಪರದೆ ಕೊಡಿ. ನಮ್ಮವರಿಗೆ ವೀಸಾ ಬೇಕಿಲ್ಲ, ಆದರೆ ಪಾಸ್‌ಪೋರ್ಟ್ ಇಲ್ಲವೆ ಮತದಾರರ ಚೀಟಿ ಇರಲೇಬೇಕು. ಆಧಾರ್ ಕಾರ್ಡ್ ಅಲ್ಲಿ ನಡೆಯೋಲ್ಲ. ಗಡಿಯಾರ ಹದಿನೈದು ನಿಮಿಷ ಮುಂದಿಟ್ಟುಕೊಂಡರೆ ಸಾಕು.

ಇನ್ನು ಅಪ್ಪನ ಸಂಕಟ. ಈ ಕೆಲಸಕ್ಕೆ ಹೆಸರಾದ 'ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ' ಎಂಬ ಸಂಸ್ಥೆ ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಸಣ್ಣ ಊರಿನಲ್ಲಿ 1976ರಲ್ಲಿ ಹುಟ್ಟಿದ್ದು. ಪುಕ್ಕಟೆ ಮನೆ ಹಂಚುವುದು ಅದರ ಪದ್ಧತಿಯಲ್ಲ. ಮನೆಯವರೂ ಜೊತೆಗೆ ಬೆವರು ಸುರಿಸಬೇಕು, ಲಾಭವಿಲ್ಲದ ಸಾಲವನ್ನು ಕಂತಿನಲ್ಲಿ ತೀರಿಸಬೇಕು. ಅಮೆರಿಕದ ಅಧ್ಯಕ್ಷಗಿರಿಯಿಂದ ಇಳಿದಿದ್ದ ಜಿಮ್ಮಿ ಕಾರ್ಟರ್ 1984ರಲ್ಲಿ ಈ ಸಂಸ್ಥೆಯ ಜನರ ಜೊತೆ ಬಸ್ಸು ಹತ್ತಿ ನ್ಯೂಯಾರ್ಕಿಗೆ ಹೋಗಿ, ಪಾಳುಬಿದ್ದ ಕಟ್ಟಡವೊಂದನ್ನು ರಿಪೇರಿ ಮಾಡಿದರು. 2006ರಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದ ಲೋನಾವಳ ಬಳಿ 100 ಮನೆಗಳ ಕೆಲಸ ನಡೆದಾಗಲೂ ಬಂದಿದ್ದರು. ಆಗ ಅವರಿಗೆ 82 ವರ್ಷ. ನಮ್ಮ ಮಾಜಿಗಳಲ್ಲಿ ಸುತ್ತಿಗೆ ಹಿಡಿದವರು ಯಾರಾದರೂ ಇದ್ದರೆ ತಿಳಿಸಿ, ಫೋಟೋ ಸಮೇತ ಹಾಕುತ್ತೇವೆ. (ಶಂಕುಸ್ಥಾಪನೆಯ ಬೆಳ್ಳಿ ಕರಣೆ ಲೆಕ್ಕಕ್ಕಿಲ್ಲ.) ಆದ್ದರಿಂದ ಬಾಂಡ್ಲಿ ಹೊರುವುದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ ಸಾಹುಕಾರರೇ.

ಕಷ್ಟದ ಪ್ರಶ್ನೆ ಆ ಬಸ್ಸಿಗೆ ಕಾಯುತ್ತಿದ್ದ ಹಿರಿಯರದು. ನೇಪಾಳದಲ್ಲಿ ಗಾರೆ ಕೆಲಸದವರಿಗೆ ಬರವಿಲ್ಲ. ಅಲ್ಲಿನ ಗಂಡುಮಕ್ಕಳು ಕತಾರ್, ದುಬೈಗಳಿಗೆ ಹೋಗಿ ಪರರ ಮಹಡಿ ಕಟ್ಟುತ್ತಾರೆ, ನಮ್ಮೂರಿಗೆ ಬಂದು ರಾತ್ರಿ ಕಾವಲು ಕಾಯುತ್ತಾರೆ. ಅಂಥ ದೇಶಕ್ಕೆ ಕೀಬೋರ್ಡ್ ಕುಟ್ಟುವ ಬೆರಳುಗಳು ಹೋಗಿ ಉದ್ಧಾರ ಮಾಡುವುದೇನು? ಇಂಥ ತಂಡದ ಹೆಸರಿನಲ್ಲಿ ಸಾಮಾನು ಸರಂಜಾಮಿಗೆ ದೇಣಿಗೆಯೂ ಹೋಗುತ್ತದೆ ಎನ್ನುವುದು ನಿಜ. ಆದರೆ ದೇಣಿಗೆ ಕಳಿಸಲು ವಿಮಾನ ಹತ್ತಬೇಕಿಲ್ಲ. ಬರೀ ಕೂಲಿ ಲೆಕ್ಕ ಹಾಕಿದರೆ ಹಿರಿಯರ ಮಾತೇ ಸರಿ. ನಮಗನ್ನಿಸುವುದು ಇಷ್ಟು: ಹುಡುಗ ಆ ಮನೆಗೆ ಹೊರೆಯಾಗದೆ ಬಂದರೆ ಅರ್ಧ ಗೆದ್ದ ಹಾಗೆ. ಅದಕ್ಕೆ ತಯಾರಿ ಬೇಕು.

ಕಂಪನಿಯವರು ತಯಾರಿ ಅಂತ ಕೊಟ್ಟಿರುವ ಪಟ್ಟಿ ನೋಡಿದೆವು. ಗಟ್ಟಿ ಬೂಟು, ಕೈಗವಸು, ಟೋಪಿ, ಟೆಟನಸ್ ಸೂಜಿ, ಒಂದೇ ಬಣ್ಣದ ಟೀ ಶರ್ಟು. ಟೀ ಶರ್ಟು ಬಿಟ್ಟು ಉಳಿದದ್ದೆಲ್ಲ ಸರಿಯೇ. ಪಟ್ಟಿಯಲ್ಲಿ ಇಲ್ಲದ್ದು ಕೆಲಸ! 'ಅನುಭವ ಬೇಕಾಗಿಲ್ಲ, ಅಲ್ಲಿನ ಮೇಸ್ತ್ರಿ ಹೇಳಿಕೊಡುತ್ತಾರೆ' ಅಂತ ಬರೆದಿದೆ. ಹೇಳಿಕೊಡುತ್ತಾರೆ, ಖಂಡಿತ. ಆದರೆ ಹತ್ತು ದಿನದಲ್ಲಿ ಹೋಗಿ ಬರೋದಕ್ಕೇ ಎರಡು ಮೂರು ದಿನ. ಮಿಕ್ಕದ್ದರಲ್ಲಿ ಎರಡು ದಿನ ಪಾಠವಾದರೆ ಆ ಮೇಸ್ತ್ರಿಯ ಕೂಲಿ ಯಾರ ತಲೆ ಮೇಲೆ?

ನಮ್ಮೂರಲ್ಲೇ ಮೇಸ್ತ್ರಿಗಳಿಲ್ಲವೇ? ಹೊರಡುವ ಮೊದಲು ನಾಲ್ಕು ಭಾನುವಾರ ಯಾವುದಾದರೂ ಕಟ್ಟಡದ ಹತ್ತಿರ ನಿಲ್ಲಲಿ. ಮರಳು ಜರಡಿ ಹಿಡಿಯಲಿ. ಇಟ್ಟಿಗೆಯನ್ನು ನೀರಲ್ಲಿ ನೆನೆಸದೆ ಇಟ್ಟರೆ ಅದು ಗಾರೆಯ ನೀರನ್ನೇ ಕುಡಿದುಬಿಡುತ್ತದೆ, ಕಲಸಿದ ಸಿಮೆಂಟು ಅರ್ಧ ಗಂಟೆಯಲ್ಲಿ ಬಿಗಿಯಲು ಶುರುವಾಗುತ್ತದೆ ಎಂಬುದನ್ನು ಕೈಯಾರೆ ಕಂಡುಕೊಳ್ಳಲಿ. ತೂಗುಗುಂಡು, ರಸಮಟ್ಟ ಹಿಡಿದು ನೋಡಲಿ. ಝಾಪಾ ಕಡೆ ಬಿದಿರಿನ ಚೌಕಟ್ಟಿಗೆ ಸೀಳಿದ ಬಿದಿರು ಹೆಣೆದು ಮೇಲೆ ಗಾರೆ ಮೆತ್ತುವ ಮನೆಗಳೂ ಉಂಟು. ಹಾಗಿದ್ದರೆ ಒಂದು ಭಾನುವಾರ ನಮ್ಮ ಮೇದಾರರ ಓಣಿಯಲ್ಲಿ ಕೂತು ಬಿದಿರು ಸೀಳುವುದನ್ನು ಕಲಿಯಲಿ. ಕೈ ಬೊಬ್ಬೆ ಬರೋದು ಇಲ್ಲೇ ಬರಲಿ. ಇವನು ಫೋಟೋಕ್ಕೆ ನಿಂತ ಗೋಡೆ ಒಂದಂಗುಲ ವಾಲಿದರೆ, ಅದರ ಕೆಳಗೆ ಮಲಗುವವರು ಆ ಮನೆಯವರು.

ಎರಡು ಮಾತು ನೇಪಾಳಿಯೂ ಬೇಕು. ಮನೆ ಅಂದರೆ 'ಘರ್', ನೀರು 'ಪಾನಿ', ಅಣ್ಣ 'ದಾಯಿ', ನಿಧಾನ ಅನ್ನಲು 'ಬಿಸ್ತಾರೈ'. ಹೆಚ್ಚಿನ ಪಾಠಕ್ಕೆ ತನ್ನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲುವ ನೇಪಾಳಿ ಅಣ್ಣನನ್ನೇ ಕೇಳಲಿ. ಎರಡು ವರ್ಷದಿಂದ ಸಲ್ಯೂಟ್ ಹೊಡೆಸಿಕೊಂಡಿದ್ದಾನಂತೆ, ಅವರ ಊರು ಯಾವುದೆಂದು ಇವನಿಗೆ ಇನ್ನೂ ಗೊತ್ತಿಲ್ಲ.

ಕಂಪನಿಗೂ ಒಂದು ಮಾತು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ದೇಶದ ಹೊರಗೆ ಮಾಡಿದ್ದು ಆ ಲೆಕ್ಕಕ್ಕೆ ಬರೋಲ್ಲ (ನಮ್ಮ ಆಟಗಾರರ ತರಬೇತಿ ಬಿಟ್ಟರೆ). ಅಂದಮೇಲೆ ಈ ನೇಪಾಳದ ದುಡ್ಡು ಕೈಯಿಂದಲೇ ಹಾಕಿದ್ದು. ಅಷ್ಟರಮಟ್ಟಿಗೆ ಮೆಚ್ಚಬೇಕು. ಆದರೆ ಲೆಕ್ಕಕ್ಕೆ ಬರುವ ಆ ಶೇ. 2ರಲ್ಲಿ ನಮ್ಮ ಕಡೆಗೂ ಒಂದು ತಂಡ ಬರಬಾರದೇ? ಸರ್ಕಾರಿ ವಸತಿ ಯೋಜನೆಗಳಲ್ಲಿ ತಳಪಾಯ, ಕಿಟಕಿ ಮಟ್ಟ, ಛಾವಣಿ ಅಂತ ಹಂತ ಹಂತಕ್ಕೆ ಫೋಟೋ ತೆಗೆದ ಮೇಲೆ ಬಿಲ್ಲು. ಮುಂದಿನ ಬಿಲ್ಲು ಬರೋತನಕ ಕೈಯಿಂದ ಹಾಕಲಾಗದವರ ಗೋಡೆ ಕಿಟಕಿ ಮಟ್ಟದಲ್ಲೇ ನಿಂತು ಮಳೆ ನೆನೆಯುತ್ತದೆ. ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತೀರಲ್ಲ. ಆ ಗೋಡೆಗಳಿಗೆ ಬೇಕಾದ್ದು ಸ್ವಯಂಸೇವಕರಿಗಿಂತ ಹೆಚ್ಚಾಗಿ ಆ ನಡುವಿನ ಎರಡು ತಿಂಗಳ ಕೈಗಡ. ಅದನ್ನು ಕಂಪನಿಗಳು ಮನಸ್ಸು ಮಾಡಿದರೆ ಕೊಡಬಲ್ಲವು.

ಹುಡುಗನಿಗೆ ಇದನ್ನೆಲ್ಲ ಹೇಳಿದೆವು. ಬೇಜಾರು ಮಾಡಿಕೊಳ್ಳಲಿಲ್ಲ. ಹೋದ ಭಾನುವಾರ ವಿನೋಬನಗರದ ಕಡೆ ಒಂದು ಕಟ್ಟಡದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಇಟ್ಟಿಗೆ ಹೊತ್ತಿದ್ದಾನೆ. ಮೇಸ್ತ್ರಿ ಊಟ ಹಾಕಿಸಿ, ಮುಂದಿನ ವಾರ ಬೇಗ ಬಾ ಅಂದಿದ್ದಾರೆ. ಸಾಹುಕಾರರು ಅಂಗಡಿಯಿಂದ ಎದ್ದು ಒಂದು ಸಲ ಹೋಗಿ ನೋಡಿಕೊಂಡೂ ಬಂದರಂತೆ. ಟೆಟನಸ್ ಸೂಜಿ ಮಾತ್ರ ಇನ್ನೂ ಆಗಿಲ್ಲ.